ಎರಡನೇ ಭಾಗದ ದೇವರು

ಬಾಹ್ಯಾಕಾಶದ ಸಿನಿಮಾಗಳಿಗೆ ಒಂದು ಚಾಳಿಯಿದೆ. ಮೊದಲ ಭಾಗದಲ್ಲಿ ಗ್ರಹ, ನಕ್ಷತ್ರ, ಯಂತ್ರ, ಯುದ್ಧ ಎಂದು ಸುತ್ತಾಡಿಕೊಂಡಿದ್ದ ಕಥೆ ಮುಂದಿನ ಭಾಗಗಳಿಗೆ ಬರುವಷ್ಟರಲ್ಲಿ ದೇವರನ್ನು ಹುಡುಕಲು ಹೊರಡುತ್ತದೆ. ಇದನ್ನು ಯಾವ ಸಂಕೋಚವೂ ಇಲ್ಲದೆ ಮಾಡಿದ್ದು 1989ರ ‘ಸ್ಟಾರ್ ಟ್ರೆಕ್: ದಿ ಫೈನಲ್ ಫ್ರಾಂಟಿಯರ್’. ಸರಣಿಯ ಐದನೇ ಚಿತ್ರ. ನಾಯಕನ ಪಾತ್ರ ಮಾಡುತ್ತಿದ್ದ ವಿಲಿಯಂ ಶಾಟ್ನರ್ ಅವರೇ ನಿರ್ದೇಶಕ. ಸೈಬಾಕ್ ಎಂಬ ಪ್ರವಾದಿ ಜನರ ಮನಸ್ಸಿನೊಳಗಿನ ಹಳೆಯ ನೋವನ್ನು ಕೆದಕಿ, ಅದರಿಂದ ಬಿಡಿಸಿ, ಅವರನ್ನು ಹಿಂಬಾಲಕರನ್ನಾಗಿ ಮಾಡಿಕೊಳ್ಳುತ್ತಾನೆ. ಆಮೇಲೆ ನೌಕೆಯನ್ನೇ ವಶಪಡಿಸಿಕೊಂಡು ಆಕಾಶಗಂಗೆಯ ನಟ್ಟನಡುವಿಗೆ ಒಯ್ಯುತ್ತಾನೆ. ದೇವರಿರುವುದು ಅಲ್ಲೇ ಎಂಬುದು ಅವನ ನಂಬಿಕೆ. ಅಲ್ಲಿ ನಿಜಕ್ಕೂ ಬೆಳಕಿನ ಕಂಬದೊಳಗಿಂದ ಗಡ್ಡದ ಮುಖವೊಂದು ಮಾತಾಡುತ್ತದೆ, ತನ್ನನ್ನು ಇಲ್ಲಿಂದ ಹೊರಗೆ ಒಯ್ಯಲು ನಿಮ್ಮ ನೌಕೆ ಬೇಕು ಎನ್ನುತ್ತದೆ. ಎಲ್ಲರೂ ಮೈಮರೆತು ನಿಂತಿರುವಾಗ ಕ್ಯಾಪ್ಟನ್ ಕರ್ಕ್ ಒಬ್ಬನಿಗೆ ಅನುಮಾನ ಹುಟ್ಟುತ್ತದೆ. ದೇವರಾದವನಿಗೆ ನೌಕೆ ಯಾತಕ್ಕೆ ಬೇಕಾಯಿತು ಎಂದು ಕೇಳಿಯೇ ಬಿಡುತ್ತಾನೆ, ಕೇಳಿದ್ದಕ್ಕೆ ಸಿಡಿಲಿನ ಪೆಟ್ಟು ತಿನ್ನುತ್ತಾನೆ. ಅದು ದೇವರಲ್ಲ, ಆ ಗ್ರಹದಲ್ಲಿ ಬಂಧಿಯಾಗಿದ್ದ ಯಾವುದೋ ದುಷ್ಟಶಕ್ತಿ. ಕೊನೆಗೆ ಕರ್ಕ್ ಮತ್ತು ಅವನ ಇಬ್ಬರು ಗೆಳೆಯರು ಭೂಮಿಯ ಕಾಡೊಂದರಲ್ಲಿ ಬೆಂಕಿ ಹಾಕಿಕೊಂಡು ಹಾಡುವಲ್ಲಿಗೆ ಚಿತ್ರ ಮುಗಿಯುತ್ತದೆ.

ಚಿತ್ರ ಸೋತಿತು. ದುಡ್ಡಿನ ಕೊರತೆಯಿಂದ ಅಂತ್ಯದ ದೃಶ್ಯಗಳನ್ನು ಮೊಟಕು ಮಾಡಬೇಕಾಯಿತೆಂದು ಶಾಟ್ನರ್ ಆಮೇಲೆ ಹೇಳಿಕೊಂಡರು. ಕಾರಣ ಅದಷ್ಟೇ ಅಲ್ಲ ಎಂದು ನನ್ನ ಎಣಿಕೆ. ಹುಡುಕಾಟದ ಕಥೆಯಲ್ಲಿ ಹುಡುಕಿದ್ದನ್ನು ತಂದು ಎದುರಿಗೆ ನಿಲ್ಲಿಸಿದರೆ, ನಿಲ್ಲಿಸಿದ್ದು ಗಡ್ಡದ ಮುದುಕನಾಗಲಿ ಬೆಳಕಿನ ಮುದ್ದೆಯಾಗಲಿ, ನೋಡುವವನಿಗೆ ಇಷ್ಟೇನಾ ಅನಿಸುತ್ತದೆ. ಬಜೆಟ್ ಹತ್ತು ಪಟ್ಟಾಗಿದ್ದರೂ ಅದು ತಪ್ಪುತ್ತಿರಲಿಲ್ಲ.

ಈ ಕಷ್ಟವನ್ನು ಅದಕ್ಕೆ ನೂರು ವರ್ಷ ಮೊದಲೇ ಕಾರವಾರದಲ್ಲಿ ಕುಳಿತ ಹುಡುಗನೊಬ್ಬ ಬಗೆಹರಿಸಿದ್ದ. 1883ರಲ್ಲಿ ರವೀಂದ್ರನಾಥ ಟಾಗೋರರಿಗೆ ಇಪ್ಪತ್ತೆರಡು ವರ್ಷ. ಅಣ್ಣ ಸತ್ಯೇಂದ್ರನಾಥ ಟಾಗೋರರು ಐಸಿಎಸ್ ಪಾಸಾದ ಮೊದಲ ಭಾರತೀಯ, ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ. ಅಣ್ಣನ ಮನೆಗೆ ಬಂದ ತಮ್ಮ ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಶಿವಾಜಿ ಕಾಲದ ಗುಡ್ಡದ ಕೋಟೆಯೊಂದರ ಬುಡದಲ್ಲಿ ಇಳಿದದ್ದನ್ನು, ರೈತನೊಬ್ಬನ ಗುಡಿಸಿ ಚೊಕ್ಕಟ ಮಾಡಿದ ಅಂಗಳದಲ್ಲಿ ಕುಳಿತು ಕಟ್ಟಿಕೊಂಡು ಹೋದ ಬುತ್ತಿ ಉಂಡದ್ದನ್ನು, ಬರುವಾಗ ಮರಳ ಮೇಲೆ ನಡೆದುಕೊಂಡೇ ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ದಂಡೆಯ ಗಾಳಿಮರಗಳ ತೋಪನ್ನೂ ಮರೆತಿಲ್ಲ. ಆ ದಿನಗಳಲ್ಲೇ ಅವರು ಬರೆದದ್ದು ‘ಪ್ರಕೃತಿರ ಪ್ರತಿಶೋಧ’ ನಾಟಕ. ಮರುವರ್ಷ ಅಚ್ಚಾಯಿತು.

ನಾಟಕದ ನಾಯಕ ಒಬ್ಬ ಸನ್ಯಾಸಿ. ಗುಹೆಯಲ್ಲಿ ಕುಳಿತು ಪ್ರಕೃತಿಯನ್ನೇ ಗೆದ್ದೆ, ಇನ್ನು ಅನಂತವೊಂದೇ ನನ್ನದು ಎಂದುಕೊಂಡು ಹೊರಗೆ ಬರುತ್ತಾನೆ. ಊರವರು ಮುಟ್ಟಿಸಿಕೊಳ್ಳದ ಅನಾಥ ಹುಡುಗಿಯೊಬ್ಬಳು ಅವನ ಬೆನ್ನು ಹತ್ತುತ್ತಾಳೆ. ಅವನಿಗೆ ಮೊದಲು ಉದಾಸೀನ, ಆಮೇಲೆ ಅಕ್ಕರೆ, ಅಕ್ಕರೆಯ ಹಿಂದೆಯೇ ಹೆದರಿಕೆ. ಕಟ್ಟಿಕೊಂಡ ಸಾಧನೆಯೆಲ್ಲ ಈ ಮಗುವಿನಿಂದ ಮಣ್ಣುಗೂಡುತ್ತದೆಂದು ಅವಳನ್ನು ಬಿಟ್ಟು ಓಡಿಹೋಗುತ್ತಾನೆ. ಓಡಿದವನಿಗೆ ಸಮಾಧಾನವಿಲ್ಲ. ದಂಡ, ಕಮಂಡಲ ಎಸೆದು ವಾಪಸು ಬರುತ್ತಾನೆ. ಅಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ. ಅನಂತ ಎಂಬುದು ಸಣ್ಣದರೊಳಗೇ ಸಿಗಬೇಕಾದ್ದು, ಅದನ್ನು ಬಿಟ್ಟು ಹೊರಟವನಿಗೆ ಎರಡೂ ಇಲ್ಲ. ತಮ್ಮ ಮುಂದಿನ ಬರವಣಿಗೆಗೆಲ್ಲ ಈ ನಾಟಕ ಮುನ್ನುಡಿಯಿದ್ದಂತೆ ಎಂದು ಟಾಗೋರರು ಮಧ್ಯವಯಸ್ಸಿನಲ್ಲಿ ಹೇಳಿಕೊಂಡರು. ಆ ಲೆಕ್ಕದಲ್ಲಿ ಅವರ ಉಳಿದ ಸಾಹಿತ್ಯವೆಲ್ಲ ಕಾರವಾರದ ನಾಟಕದ ಮುಂದಿನ ಭಾಗಗಳೇ. ಆಕಾಶಕ್ಕೆ ಅವರು ಬೆನ್ನು ಮಾಡಿದವರಲ್ಲ. 1930ರ ಜುಲೈಯಲ್ಲಿ ಬರ್ಲಿನ್ ಹತ್ತಿರದ ಕಾಪುಟ್‌ನಲ್ಲಿ ಐನ್‌ಸ್ಟೈನರ ಜತೆ ಕುಳಿತು, ನೋಡುವ ಮನುಷ್ಯನಿಲ್ಲದಿದ್ದರೆ ಸತ್ಯಕ್ಕೆ ಅರ್ಥವೇನು ಎಂದು ವಾದಿಸಿದರು. 1937ರಲ್ಲಿ, ಎಪ್ಪತ್ತಾರರ ಪ್ರಾಯದಲ್ಲಿ, ಪರಮಾಣುವಿನಿಂದ ನಕ್ಷತ್ರಲೋಕದವರೆಗೆ ಬಂಗಾಳಿಯಲ್ಲಿ ವಿವರಿಸುವ ‘ವಿಶ್ವಪರಿಚಯ’ ಬರೆದು ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು.

ಸನ್ಯಾಸಿಯ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಹ್ಯಾಕಾಶ ಚಿತ್ರಗಳ ಮುಂದಿನ ಭಾಗಗಳನ್ನು ನೋಡಿದರೆ ಯಾವುದು ನಿಂತಿತು, ಯಾವುದು ಬಿತ್ತು ಎಂಬುದು ತಿಳಿಯಾಗುತ್ತದೆ.

ಮೊದಲ ಭಾಗ ಸಾಲ ಮಾಡುತ್ತದೆ, ಎರಡನೆಯದು ತೀರಿಸಬೇಕು. ಸ್ಟಾನ್ಲಿ ಕುಬ್ರಿಕ್ ಮತ್ತು ಆರ್ಥರ್ ಸಿ. ಕ್ಲಾರ್ಕ್ 1968ರಲ್ಲಿ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಮಾಡಿದ ಸಾಲ ದೊಡ್ಡದು. ಕರಿಯ ಕಲ್ಲಿನ ಹಲಗೆಯಂಥದ್ದೊಂದು ಮಂಗನೆದುರು, ಚಂದ್ರನ ಮೇಲೆ, ಗುರುಗ್ರಹದ ಬಳಿ ನಿಲ್ಲುತ್ತದೆ. ಅದನ್ನು ನೆಟ್ಟವರು ಯಾರು ಎಂದು ಚಿತ್ರ ಹೇಳುವುದಿಲ್ಲ. ಕೊನೆಗೆ ಭೂಮಿಯನ್ನು ನೋಡುತ್ತ ತೇಲುವ ಮಗುವೊಂದನ್ನು ತೋರಿಸಿ ಸುಮ್ಮನಾಗುತ್ತದೆ. ಥಿಯೇಟರಿನಿಂದ ಹೊರಬಂದವರಲ್ಲಿ ಅರ್ಧ ಜನ ಬೈದರು, ಅರ್ಧ ಜನ ಕೈಮುಗಿದರು. 1984ರಲ್ಲಿ ಪೀಟರ್ ಹೈಮ್ಸ್ ತೆಗೆದ ‘2010’ ಆ ಸಾಲವನ್ನು ಪೈಸೆ ಪೈಸೆ ತೀರಿಸಲು ಹೊರಟಿತು. ಅಮೆರಿಕ ಮತ್ತು ಸೋವಿಯೆತ್ ಗಗನಯಾತ್ರಿಗಳು ಒಂದೇ ನೌಕೆಯಲ್ಲಿ ಗುರುಗ್ರಹಕ್ಕೆ ಹೋಗುತ್ತಾರೆ, ಗುರುಗ್ರಹ ಎರಡನೇ ಸೂರ್ಯನಾಗಿ ಹೊತ್ತಿಕೊಳ್ಳುತ್ತದೆ, ಕೆಳಗೆ ಯುದ್ಧಕ್ಕೆ ನಿಂತಿದ್ದ ದೇಶಗಳು ಹಿಂದೆ ಸರಿಯುತ್ತವೆ. ಎಲ್ಲ ತಿಳಿಯಿತು, ತಿಳಿದದ್ದರಲ್ಲಿ ವಿಶೇಷವೇನೂ ಇರಲಿಲ್ಲ. ಶೀತಲ ಸಮರದ ಕಾಲದ ಸದುದ್ದೇಶದ ಚಿತ್ರ, ಅಷ್ಟೇ. ಕ್ಲಾರ್ಕ್ ಕೊಲಂಬೋದಲ್ಲಿ, ಹೈಮ್ಸ್ ಲಾಸ್ ಏಂಜಲೀಸ್‌ನಲ್ಲಿ ಕುಳಿತು ಕಂಪ್ಯೂಟರ್ ಮೋಡೆಮ್ ಮೂಲಕ ಪತ್ರ ಬರೆದುಕೊಂಡು ಈ ಚಿತ್ರವನ್ನು ರೂಪಿಸಿದರೆಂಬುದು ಇಂದಿನವರಿಗೆ ಚಿತ್ರಕ್ಕಿಂತ ಕುತೂಹಲದ ಸಂಗತಿ.

ಆದರೂ ‘2010’ರಲ್ಲಿ ಒಂದು ದೃಶ್ಯ ನೆನಪಿನಲ್ಲಿ ನಿಲ್ಲುತ್ತದೆ, ಅದು ಎರಡನೇ ಸೂರ್ಯನದಲ್ಲ. ಮೊದಲ ಚಿತ್ರದಲ್ಲಿ ಸಿಬ್ಬಂದಿಯನ್ನು ಕೊಂದ ಕಂಪ್ಯೂಟರ್ ಹ್ಯಾಲ್ ಇಲ್ಲಿ ಮತ್ತೆ ಎದ್ದಿದೆ. ಅದನ್ನು ರೂಪಿಸಿದ ಡಾ. ಚಂದ್ರ ಅದರ ಪಕ್ಕ ಕುಳಿತಿದ್ದಾನೆ. ಉಳಿದವರು ಪಾರಾಗಬೇಕಾದರೆ ಹ್ಯಾಲ್ ಇರುವ ನೌಕೆ ನಾಶವಾಗಲೇಬೇಕು. ಹ್ಯಾಲ್‌ಗೆ ಸುಳ್ಳು ಹೇಳಿ ಕೆಲಸ ಮಾಡಿಸಿಕೊಳ್ಳಿ ಎಂದು ಎಲ್ಲರ ಒತ್ತಾಯ. ಚಂದ್ರ ಕೊನೇ ನಿಮಿಷದಲ್ಲಿ ನಿಜ ಹೇಳಿಬಿಡುತ್ತಾನೆ. ಹ್ಯಾಲ್ ನಿಜ ಹೇಳಿದ್ದಕ್ಕೆ ಕೃತಜ್ಞತೆ ಹೇಳಿ, ತನಗೆ ಕನಸು ಬೀಳುವುದೇ ಎಂದು ಕೇಳುತ್ತದೆ. ಗೊತ್ತಿಲ್ಲ ಎನ್ನುತ್ತಾನೆ ಚಂದ್ರ, ಕಣ್ಣು ಒದ್ದೆ. ಇಡೀ ಚಿತ್ರದಲ್ಲಿ ಅಧ್ಯಾತ್ಮ ಎನ್ನಬಹುದಾದದ್ದು ಇದೊಂದೇ. ಸನ್ಯಾಸಿಯ ಹುಡುಗಿಯ ಜಾಗದಲ್ಲಿ ಇಲ್ಲೊಂದು ಯಂತ್ರ. (ಕ್ಲಾರ್ಕ್ ಕಾದಂಬರಿಯಲ್ಲಿ ಚಂದ್ರ ಭಾರತ ಮೂಲದ ವಿಜ್ಞಾನಿ. ಸಿನಿಮಾದಲ್ಲಿ ಆ ಪಾತ್ರ ಮಾಡಿದ್ದು ಅಮೆರಿಕದ ಬಾಬ್ ಬಲಬಾನ್.)

‘ಸ್ಟಾರ್ ಟ್ರೆಕ್’ ಸರಣಿಯೊಳಗೂ ಇದೇ ಏರಿಳಿತ. 1979ರ ಮೊದಲ ಚಿತ್ರದಲ್ಲಿ ವೀಜರ್ ಎಂಬ ಮಹಾಯಂತ್ರ ತನ್ನ ಸೃಷ್ಟಿಕರ್ತನನ್ನು ಹುಡುಕಿಕೊಂಡು ಭೂಮಿಗೆ ಬರುತ್ತದೆ. ಮಣ್ಣು ಒರೆಸಿ ನೋಡಿದರೆ ಅದರ ಮೈಮೇಲಿನ ಹೆಸರು ವಾಯೇಜರ್, ಮನುಷ್ಯರೇ ಹಾರಿಸಿದ ನೌಕೆ. 1986ರ ನಾಲ್ಕನೇ ಚಿತ್ರದಲ್ಲಿ ಆಕಾಶದಿಂದ ಬಂದ ಅಪರಿಚಿತ ಶೋಧಕ ಭೂಮಿಯಲ್ಲಿ ಹುಡುಕುವುದು ದೇವರನ್ನೂ ಅಲ್ಲ, ಮನುಷ್ಯರನ್ನೂ ಅಲ್ಲ, ತಿಮಿಂಗಿಲಗಳನ್ನು. ಅವು ಆಗಲೇ ನಿರ್ನಾಮವಾಗಿರುವುದರಿಂದ ನಾಯಕರು ಕಾಲದಲ್ಲಿ ಹಿಂದಕ್ಕೆ ಹೋಗಿ ಒಂದು ಜೋಡಿಯನ್ನು ತರಬೇಕಾಗುತ್ತದೆ. ಕೇಳಿದರೆ ನಗು ಬರುವ ಕಥೆ. ಜನ ಮುಗಿಬಿದ್ದು ನೋಡಿದರು. ಮೂರು ವರ್ಷದ ಬಳಿಕ ದೇವರನ್ನೇ ತೋರಿಸಿದ ಚಿತ್ರಕ್ಕೆ ಆ ಜನ ಬರಲಿಲ್ಲ. ಕಾರವಾರದ ಬೈತಖೋಲದ ಮೀನುಗಾರರಿಗೆ ಇವೆರಡರಲ್ಲಿ ಯಾವುದು ನಂಬುವಂಥ ಕಥೆ ಎಂದು ಕೇಳಿದರೆ ಉತ್ತರಕ್ಕೆ ತಡವಾಗದು.

‘ಡ್ಯೂನ್’ನ ದಾರಿ ಬೇರೆ. ಫ್ರಾಂಕ್ ಹರ್ಬರ್ಟ್ 1965ರ ಕಾದಂಬರಿಯಲ್ಲಿ ಮರುಭೂಮಿಯ ಜನಕ್ಕೊಬ್ಬ ಉದ್ಧಾರಕನನ್ನು ಕೊಟ್ಟರು. ಓದುಗರು ಅವನನ್ನು ಪೂಜಿಸತೊಡಗಿದ್ದು ನೋಡಿ 1969ರ ‘ಡ್ಯೂನ್ ಮೆಸ್ಸಾಯ’ದಲ್ಲಿ ಆ ಪೂಜೆಯ ಬೆಲೆಯನ್ನು ಲೆಕ್ಕ ಹಾಕಿ ತೋರಿಸಿದರು. ಡೆನಿಸ್ ವಿಲ್ನೇವ್ 2024ರ ‘ಡ್ಯೂನ್: ಭಾಗ 2’ರಲ್ಲೇ ಈ ಅನುಮಾನವನ್ನು ತಂದುಬಿಟ್ಟರು. ಎಲ್ಲರೂ ಹೊಸ ದೇವರೆದುರು ಬಾಗುವಾಗ ಅವನನ್ನು ಪ್ರೀತಿಸಿದ ಚಾನಿ ಒಬ್ಬಳು ಬಾಗದೆ ಹೊರನಡೆಯುತ್ತಾಳೆ. ಸಾಲ ತೀರಿಸುವ ಬದಲು ಸಾಲ ಕೊಟ್ಟವನನ್ನೇ ಪ್ರಶ್ನಿಸುವ ಎರಡನೇ ಭಾಗ ಇದು. ಬಾಹ್ಯಾಕಾಶದ ಮುಂದುವರಿದ ಕಥೆಗಳಲ್ಲಿ ನನಗೆ ಇದಕ್ಕೇ ಹೆಚ್ಚು ಮಾರ್ಕು.

ನಮ್ಮ ದೇಶದ ಕಡೆ ಬರೋಣ. ಇಲ್ಲಿ ಈ ವಿಷಯದ ಅತ್ಯುತ್ತಮ ಚಿತ್ರ ತಯಾರಾಗಲೇ ಇಲ್ಲ. ಸತ್ಯಜಿತ್ ರಾಯ್ 1967ರಲ್ಲಿ ‘ದಿ ಏಲಿಯನ್’ ಎಂಬ ಚಿತ್ರಕಥೆ ಬರೆದರು. ಶಾಂತಿನಿಕೇತನದಲ್ಲಿ ಕಲಿತ ರಾಯ್, ಕೊಲಂಬೋದ ಕ್ಲಾರ್ಕ್ ಅವರ ಉತ್ತೇಜನ, ಹಾಲಿವುಡ್ಡಿನ ಕೊಲಂಬಿಯಾ ಸಂಸ್ಥೆಯ ಆಸಕ್ತಿ ಎಲ್ಲ ಕೂಡಿಬಂದಿದ್ದವು. ಬಂಗಾಳದ ಹಳ್ಳಿಯೊಂದರ ತಾವರೆ ಕೊಳದಲ್ಲಿ ಅನ್ಯಲೋಕದ ನೌಕೆ ಇಳಿಯುತ್ತದೆ. ನೀರಿನ ಮೇಲೆ ಕಾಣುವ ಅದರ ಚಿನ್ನದ ತುದಿಯನ್ನು ಜನ ಮುಳುಗಿದ್ದ ದೇವಸ್ಥಾನ ಮೇಲೇಳುತ್ತಿದೆ ಎಂದುಕೊಂಡು ಪೂಜೆ ಶುರುಮಾಡುತ್ತಾರೆ. ಒಳಗಿರುವ ಜೀವಿಯೋ ಆಟಗುಳಿ. ಹಳ್ಳಿಯ ಬಡ ಹುಡುಗನೊಬ್ಬನ ಜತೆ ಅದಕ್ಕೆ ಸ್ನೇಹ. ದೇವರು ಎಂದು ಜನ ಅಂದುಕೊಂಡದ್ದಕ್ಕೂ ನಿಜವಾಗಿ ಬಂದದ್ದಕ್ಕೂ ನಡುವಿನ ಅಂತರದಲ್ಲೇ ಹಾಸ್ಯವೂ ಇದೆ, ಕರುಣೆಯೂ ಇದೆ. ಹಕ್ಕುಗಳ ತಕರಾರಿನಲ್ಲಿ ಚಿತ್ರ ನಿಂತುಹೋಯಿತು. 1982ರ ‘ಇ.ಟಿ.’ ನೋಡಿದವರು ರಾಯ್ ಬರೆದದ್ದನ್ನು ನೆನಪಿಸಿಕೊಂಡರು.

ಆಮೇಲೆ ಬಂದದ್ದು 2003ರ ‘ಕೋಯಿ ಮಿಲ್ ಗಯಾ’. ಅದರಲ್ಲಿ ವಿಜ್ಞಾನಿಯೊಬ್ಬ ಕಂಪ್ಯೂಟರಿನಿಂದ ಓಂಕಾರವನ್ನು ಆಕಾಶಕ್ಕೆ ಕಳಿಸುತ್ತಾನೆ, ಅದನ್ನು ಕೇಳಿ ಅನ್ಯಲೋಕದವರು ಬರುತ್ತಾರೆ. ಬಾಹ್ಯಾಕಾಶ ಮತ್ತು ಅಧ್ಯಾತ್ಮ ಒಂದೇ ಗುಂಡಿಯ ಒತ್ತಿನಲ್ಲಿ ಜೋಡಿಯಾದವು. ಎರಡನೇ ಭಾಗ ‘ಕ್ರಿಶ್’ (2006) ಬರುವಷ್ಟರಲ್ಲಿ ಓಂಕಾರವೂ ಇಲ್ಲ, ಆಕಾಶವೂ ಇಲ್ಲ. ಮುಖವಾಡ ತೊಟ್ಟ ಹೀರೋ ಒಬ್ಬನಿದ್ದಾನೆ. 2014ರ ‘ಪಿಕೆ’ಯಲ್ಲಿ ಅನ್ಯಲೋಕದವನೇ ಕಳೆದುಹೋದ ತನ್ನ ಯಂತ್ರಕ್ಕಾಗಿ ಬೀದಿ ಬೀದಿಯಲ್ಲಿ ದೇವರನ್ನು ಹುಡುಕುತ್ತಾನೆ. ‘ಕಲ್ಕಿ 2898 ಎಡಿ’ (2024) ಪುರಾಣವನ್ನೇ ಭವಿಷ್ಯಕ್ಕೆ ಎತ್ತಿಟ್ಟು, ಉಳಿದದ್ದು ಮುಂದಿನ ಭಾಗದಲ್ಲಿ ಎಂದು ಮುಗಿಯಿತು.

ಇವೆಲ್ಲಕ್ಕಿಂತ ಚಿಕ್ಕದಾದ ‘ಕಾರ್ಗೋ’ ನನಗೆ ಮುಖ್ಯ. ಆರತಿ ಕಡವ್ ಅವರ ಈ ಹಿಂದಿ ಚಿತ್ರ 2020ರಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ಪುಷ್ಪಕ್ 634ಎ ಎಂಬ ನೌಕೆ. ಅದರೊಳಗೆ ಪ್ರಹಸ್ಥ ಎಂಬ ರಾಕ್ಷಸ ಗುಮಾಸ್ತ. ಭೂಮಿಯಲ್ಲಿ ಸತ್ತವರು ದಿನಾ ಬೆಳಿಗ್ಗೆ ಅಲ್ಲಿಗೆ ಬಂದು ಇಳಿಯುತ್ತಾರೆ. ಕೈಯಲ್ಲಿರುವ ಸಾಮಾನು ತೆಗೆದಿಡಬೇಕು, ಗಾಯ ವಾಸಿ ಮಾಡಿಸಿಕೊಳ್ಳಬೇಕು, ಕುರ್ಚಿಯಲ್ಲಿ ಕುಳಿತು ನೆನಪು ಅಳಿಸಿಸಿಕೊಳ್ಳಬೇಕು, ಮರುಜನ್ಮಕ್ಕೆ ಹೊರಡಬೇಕು. ಸತ್ತವರು ಫೋನ್ ಮಾಡಬಹುದೇ ಎಂದು ಕೇಳುತ್ತಾರೆ, ಮನೆಯಲ್ಲಿ ಯಾರಿಗೋ ಏನೋ ಹೇಳುವುದು ಬಾಕಿ ಇರುತ್ತದೆ. ಸೆಟ್ ನೋಡಿದರೆ ತಾಲ್ಲೂಕು ಕಚೇರಿ ನೆನಪಾಗುತ್ತದೆ. ಪುನರ್ಜನ್ಮ ನಂಬುವ ದೇಶದಲ್ಲಿ ಬಾಹ್ಯಾಕಾಶದ ಕಥೆ ಹೀಗಲ್ಲದೆ ಹೇಗಿರಲು ಸಾಧ್ಯ? ಕೋಟಿಗಟ್ಟಲೆ ಸುರಿದ ಚಿತ್ರಗಳು ಮುಟ್ಟದ ಜಾಗವನ್ನು ಇದು ಮುಟ್ಟಿದೆ.

ಇಂಥ ಮಾತು ಬಂದಾಗ ಯಾರಾದರೂ ಎದ್ದು, ಇದೆಲ್ಲ ನಮ್ಮ ಪುರಾಣದಲ್ಲಿ ಆಗಲೇ ಇತ್ತು ಎನ್ನುವುದು ವಾಡಿಕೆ. ಆ ಜಗಳ ಕರ್ನಾಟಕದಲ್ಲಿ ಒಮ್ಮೆ ತೀರ್ಮಾನವಾಗಿದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ತಜ್ಞರು 1974ರಲ್ಲಿ ಕೂಲಂಕಷ ಪರೀಕ್ಷಿಸಿದರು. ಗ್ರಂಥ ಇಪ್ಪತ್ತನೇ ಶತಮಾನದ್ದು, ಅದರಲ್ಲಿ ಬಣ್ಣಿಸಿದ ವಿಮಾನಗಳು ಹಾರಲಾರವು ಎಂದು ಬರೆದಿಟ್ಟರು. ಅಲ್ಲಿಗೆ ಬಿಡಬಹುದು.

ಪುರಾಣದಲ್ಲಿ ನಿಜಕ್ಕೂ ಇರುವುದು ಬೇರೆ ಥರದ ಸಂಪತ್ತು. ಭಾಗವತದ ಕಕುದ್ಮಿಯ ಕಥೆಯನ್ನೇ ನೋಡಿ. ಮಗಳು ರೇವತಿಗೆ ತಕ್ಕ ವರ ಭೂಮಿಯಲ್ಲಿ ಕಾಣದೆ ರಾಜ ಅವಳನ್ನು ಕರೆದುಕೊಂಡು ಸೀದಾ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಸಂಗೀತ ನಡೆದಿದೆ, ಮುಗಿಯಲಿ ಎಂದು ಒಂದು ಗಳಿಗೆ ಕಾಯುತ್ತಾನೆ. ಬ್ರಹ್ಮ ನಕ್ಕು, ನೀನು ಕಾಯುತ್ತಿದ್ದ ಹೊತ್ತಿಗೆ ಕೆಳಗೆ ಇಪ್ಪತ್ತೇಳು ಚತುರ್ಯುಗ ಕಳೆದವು, ನಿನ್ನ ಪಟ್ಟಿಯಲ್ಲಿದ್ದ ವರಗಳ ಮೊಮ್ಮಕ್ಕಳ ಹೆಸರೂ ಉಳಿದಿಲ್ಲ ಎನ್ನುತ್ತಾನೆ. ಹೋಗು, ಭೂಮಿಯಲ್ಲಿ ಬಲರಾಮ ಇದ್ದಾನೆ, ಅವನಿಗೆ ಕೊಡು. ರೇವತಿ ಹಳೇ ಯುಗದವಳು, ಎತ್ತರದ ಆಳು. ಬಲರಾಮ ನೇಗಿಲು ತಾಗಿಸಿ ಅವಳನ್ನು ತನ್ನ ಎತ್ತರಕ್ಕೆ ತಂದುಕೊಂಡನೆಂದು ಪುರಾಣಗಳು ಹೇಳುತ್ತವೆ. ‘ಇಂಟರ್‌ಸ್ಟೆಲ್ಲರ್’ (2014) ನೋಡಿದವರಿಗೆ ಕಾಲದ ಈ ಹಿಗ್ಗುವಿಕೆ ಹೊಸದೇನಲ್ಲ. ಕಥೆಯ ಸೊಗಸು ಭೌತಶಾಸ್ತ್ರದಲ್ಲಿಲ್ಲ. ಸೃಷ್ಟಿಕರ್ತನ ಎದುರು ನಿಂತವನು ಕೇಳಿದ್ದು ಮಗಳ ಮದುವೆಯ ವಿಷಯ, ಸಿಕ್ಕ ಉತ್ತರ ವಾಪಸು ಕೆಳಗೆ ಹೋಗು ಎಂಬುದು. ಕಾರವಾರದ ಸನ್ಯಾಸಿಗಿಂತ ಈತ ಅದೃಷ್ಟವಂತ. ಮಗಳು ಜತೆಗೇ ಇದ್ದಳು.

ಕನ್ನಡದಲ್ಲಿ ಈ ಬಗೆಯ ಸಿನಿಮಾ ಎಷ್ಟಿದೆ? ಬೆರಳೆಣಿಕೆ. 2023ರ ‘ಮಂಡಲ’ ಹಾರುವ ತಟ್ಟೆಯ ಸುತ್ತ ಕಟ್ಟಿದ ಚಿತ್ರ. ಹೊನ್ನಾವರ ಸೀಮೆಯ ನಂಟಿನ ಅನಂತನಾಗ್ ಅದರಲ್ಲಿದ್ದರು. 2024ರ ‘ಬ್ಲಿಂಕ್’ ಕಾಲಯಾನದ ಕಥೆಯನ್ನು ಕಡಿಮೆ ಖರ್ಚಿನಲ್ಲಿ ಚೊಕ್ಕವಾಗಿ ಹೇಳಿತು. ಮುಂದುವರಿದ ಭಾಗ ಮತ್ತು ಅಧ್ಯಾತ್ಮ ಎರಡೂ ಒಟ್ಟಿಗೆ ಬೇಕೆಂದರೆ ಉಪೇಂದ್ರರ ‘ಉಪ್ಪಿ 2’ (2015) ಇದೆ. ಯೋಚನೆಯನ್ನೇ ಬಿಟ್ಟವನು ಹೇಗಿರುತ್ತಾನೆ ಎಂಬುದು ಅದರ ವಸ್ತು. ರಾಕೆಟ್ಟಿಲ್ಲ, ಪ್ರಯಾಣವೆಲ್ಲ ತಲೆಯೊಳಗೆ. ಕನ್ನಡ ಸಿನಿಮಾ ಈ ದಶಕದಲ್ಲಿ ದೇವರನ್ನು ಹುಡುಕಿದ್ದು ಕಾಡಿನಲ್ಲಿ: 2022ರ ‘ಕಾಂತಾರ’, 2025ರ ‘ಕಾಂತಾರ: ಅಧ್ಯಾಯ 1’. ಎರಡನೆಯದು ಕಥೆಯನ್ನು ಮುಂದಕ್ಕೆ ಒಯ್ಯದೆ ಹಿಂದಕ್ಕೆ ಒಯ್ದಿತು. ದುಡ್ಡು, ಗ್ರಾಫಿಕ್ಸು ಎಲ್ಲ ಕೈಗೆಟುಕಿದ ಮೇಲೂ ನಮ್ಮವರು ಮೇಲೆ ನೋಡದೆ ಬೇರಿನ ಕಡೆ ನೋಡಿದರು. ಇದನ್ನು ಬಡತನ ಎನ್ನಲು ಮನಸ್ಸಿಲ್ಲ, ಆದರೆ ಎಷ್ಟು ದಿನ ಬೇರಿನ ಕಡೆಗೇ ನೋಡುವುದು ಎಂಬ ಅಸಮಾಧಾನವಂತೂ ಇದೆ.

ಪುಸ್ತಕಗಳಲ್ಲಿ ಪರಿಸ್ಥಿತಿ ವಾಸಿ. ರಾಜಶೇಖರ ಭೂಸನೂರಮಠರು ದಶಕಗಟ್ಟಲೆ ವೈಜ್ಞಾನಿಕ ಕಥೆ–ಕಾದಂಬರಿ ಬರೆದು ಓದುಗರನ್ನು ಬೆಳೆಸಿದರು. ಶಿರಸಿ ಸೀಮೆಯ ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’ ಹೆಸರಿನಲ್ಲೇ ಪಕ್ಷ ವಹಿಸಿದ ಪುಸ್ತಕ. ಇವೆಲ್ಲದರ ಮೇಲೆ ತೇಜಸ್ವಿಯವರ ‘ಕರ್ವಾಲೊ’ (1980). ಅದು ವೈಜ್ಞಾನಿಕ ಕಾದಂಬರಿಯೂ ಹೌದು, ಅಧ್ಯಾತ್ಮದ ಹುಡುಕಾಟವೂ ಹೌದು, ಆದರೆ ಎರಡರ ಬೋರ್ಡನ್ನೂ ಹಾಕಿಕೊಂಡಿಲ್ಲ. ಒಬ್ಬ ವಿಜ್ಞಾನಿ, ಒಬ್ಬ ರೈತ, ಜೇನು ಹಿಡಿಯುವ ಮಂದಣ್ಣ, ಅಡುಗೆಯವನು, ನಾಯಿ, ಎಲ್ಲರೂ ಸೇರಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಘಟ್ಟದ ಕಾಡಿಗೆ ನುಗ್ಗುತ್ತಾರೆ. ಅದು ಕಾಣುತ್ತದೆ, ಕೈಗೆ ಸಿಗುವಷ್ಟು ಹತ್ತಿರ. ಮರುಗಳಿಗೆ ಪ್ರಪಾತದ ಮೇಲೆ ರೆಕ್ಕೆ ಬಿಚ್ಚಿ ಹೋಗಿಬಿಡುತ್ತದೆ. ಕುಬ್ರಿಕ್ ಕೋಟಿ ಡಾಲರ್ ಸುರಿದು ಕಟ್ಟಿದ ಅಂತ್ಯಕ್ಕೆ ಸಮನಾದದ್ದು ಮೂಡಿಗೆರೆಯಲ್ಲಿ ಒಂದು ಓತಿಕ್ಯಾತದಿಂದ ಸಿಕ್ಕಿತು. ತೇಜಸ್ವಿ ಅದಕ್ಕೆ ಎರಡನೇ ಭಾಗ ಬರೆಯಲಿಲ್ಲ, ಪುಣ್ಯ.

ಕಾರವಾರ, ಅಂಕೋಲಾದಲ್ಲಿ ಈ ಪ್ರಶ್ನೆ ಬರಿಯ ಪರದೆಯದಲ್ಲ. ಟಾಗೋರರ ಹೆಸರಿಟ್ಟ ಕಡಲತೀರದಲ್ಲಿ ಇಂದು ‘ಚಾಪಲ್’ ಕ್ಷಿಪಣಿ ನೌಕೆ ದಡಕ್ಕೆ ಹತ್ತಿ ಮ್ಯೂಸಿಯಂ ಆಗಿ ನಿಂತಿದೆ, ಪಕ್ಕದಲ್ಲಿ ನೌಕಾಪಡೆಯಿಂದ ನಿವೃತ್ತವಾದ ಟಿಯು–142 ವಿಮಾನ. ದಕ್ಷಿಣಕ್ಕೆ ಅರಗಾ ಬಳಿ ಸೀಬರ್ಡ್ ನೌಕಾನೆಲೆ. 1986ರಲ್ಲಿ ಅಡಿಗಲ್ಲು, 2005ರಲ್ಲಿ ‘ಐಎನ್‌ಎಸ್ ಕದಂಬ’ ಎಂಬ ಹೆಸರು. ಒಳಗೆ ಕಾಳಿಯ ದಂಡೆಯ ಕಾಡಿನಲ್ಲಿ ಕೈಗಾ ಅಣುಸ್ಥಾವರ. ಅದರ ವಿರುದ್ಧ ನಿಂತ ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸ್ಥಾವರದ ಒಂದನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ವೈಜ್ಞಾನಿಕ ಚಿತ್ರವೊಂದಕ್ಕೆ ಸೆಟ್ ಹಾಕುವ ಖರ್ಚೇ ಇಲ್ಲ.

ದೇವರೂ ಅದೇ ನೀರಿನಲ್ಲಿ ಇದ್ದಾನೆ. ಕೂರ್ಮಗಡ ನಡುಗಡ್ಡೆಯ ನರಸಿಂಹನ ಜಾತ್ರೆಗೆ ಪ್ರತಿ ವರ್ಷ ಜನವರಿ ಹೊತ್ತಿಗೆ ಬೈತಖೋಲ, ಕೋಡಿಬಾಗ ಕಡೆಯ ದೋಣಿಗಳು ಬಾವುಟ ಕಟ್ಟಿಕೊಂಡು ಜನರನ್ನು ಒಯ್ಯುತ್ತವೆ. ಅಲೆಯ ಹೊಡೆತಕ್ಕೆ ದೋಣಿ ಕುಲುಕುವಾಗ ಮಕ್ಕಳು ಕಿರುಚುತ್ತವೆ, ಹೆಂಗಸರು ಹರಕೆಯ ಚೀಲ ಒದ್ದೆಯಾಗದಂತೆ ಮಡಿಲಿಗೆ ಒತ್ತಿಕೊಳ್ಳುತ್ತಾರೆ. ದರ್ಶನ ಮುಗಿಸಿ ಸಂಜೆಯೊಳಗೆ ಮನೆ. ಅಲ್ಲೇ ತುಸು ದೂರದ ಅಂಜುದೀವ ನಡುಗಡ್ಡೆಯಲ್ಲಿ ಪೋರ್ಚುಗೀಸರ ಕಾಲದ ಇಗರ್ಜಿ ಇದೆ. ದ್ವೀಪ ನೌಕಾನೆಲೆಯ ಪಾಲಾದ ಮೇಲೆ ಗೋವೆಯಿಂದ ಹಬ್ಬಕ್ಕೆ ಹೋಗುತ್ತಿದ್ದ ದೋಣಿಗಳು ನಿಂತವು. ಹಾಲಿವುಡ್ಡಿನ ದೇವರಿಗೆ ನೌಕೆ ಬೇಕಾಗಿತ್ತು. ಇಲ್ಲಿ ನೌಕೆಗಳಿಗೆ ದೇವರ ಜಾಗ ಬೇಕಾಯಿತು.

ಅಂಕೋಲೆಯಲ್ಲಿ ವೈಶಾಖದ ಬಂಡಿಹಬ್ಬ ನಡೆಯುವ ಶಾಂತಾದುರ್ಗೆಯನ್ನು ಜನ ಕರೆಯುವುದು ಭೂಮ್ತಾಯಿ ಎಂದು. ಅದೇ ಅಂಕೋಲೆಯ ದಿನಕರ ದೇಸಾಯಿಯವರು ಸತ್ತ ಮೇಲೆ ತಮ್ಮ ಬೂದಿ ಗದ್ದೆಯ ಬೆಳೆಗೂ ಹೊಳೆಯ ಮೀನಿಗೂ ಉಪಯೋಗಕ್ಕೆ ಬರಲಿ ಎಂದು ಬಯಸಿ ಕವಿತೆ ಬರೆದರು. ಕುಬ್ರಿಕ್‌ನ ಗಗನಯಾತ್ರಿ ಸತ್ತು ನಕ್ಷತ್ರಗಳ ನಡುವೆ ಮಗುವಾಗುತ್ತಾನೆ, ದೇಸಾಯರಿಗೆ ಗದ್ದೆಯ ಬದುವೇ ಸಾಕು. ಬಡಗೇರಿಯ ಹಾಲಕ್ಕಿ ಅಜ್ಜಿ ಸುಕ್ರಿ ಬೊಮ್ಮಗೌಡ 2017ರಲ್ಲಿ ಪದ್ಮಶ್ರೀ ಪಡೆದರು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಅವರ ತಲೆಯೊಳಗೆ ಸಾವಿರಾರು ಹಾಡುಗಳಿದ್ದವು. ‘ಕಾರ್ಗೋ’ದ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದರೆ ಆ ಗುಮಾಸ್ತ ಗುಂಡಿ ಒತ್ತುತ್ತಿದ್ದನೇ ಎಂದು ನಾನು ಯೋಚಿಸಿದ್ದಿದೆ.

ನೆನಪನ್ನು ಆಕಾಶಕ್ಕೆ ಕಳಿಸಿದ ನಿಜವಾದ ನೌಕೆಯಲ್ಲೂ ಈ ಕರಾವಳಿಯ ಪಾಲಿದೆ. 1977ರಲ್ಲಿ ಹಾರಿದ ಎರಡೂ ವಾಯೇಜರ್‌ಗಳ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯವಿದೆ, ಅದರಲ್ಲೊಂದು ಕನ್ನಡ. ಕನ್ನಡಿಗರ ಪರವಾಗಿ ಹೇಳಿದ ಎರಡು ಮಾತು. ಭಾರತದಿಂದ ಆಯ್ದ ಸಂಗೀತ ಕೇಸರಬಾಯಿ ಕೇರಕರ್ ಹಾಡಿದ ಭೈರವಿ. ಕೇಸರಬಾಯಿ ಗೋವೆಯ ಕೇರಿ ಊರಿನವರು, ಮಾಜಾಳಿಯ ಗಡಿ ದಾಟಿದರೆ ಅವರದೇ ನಾಡು. ವಾಯೇಜರ್ 1 ಹಾರಿದ್ದು ಸೆಪ್ಟೆಂಬರ್ 5ರಂದು. ಅದೇ ತಿಂಗಳು 16ರಂದು ಅವರು ಕಣ್ಣುಮುಚ್ಚಿದರು. 2012ರ ಆಗಸ್ಟಿನಲ್ಲಿ ಆ ನೌಕೆ ಸೂರ್ಯನ ಪ್ರಭಾವಲಯವನ್ನೂ ದಾಟಿತು.

ಈ ಸೀಮೆಯಲ್ಲಿ ಬಾಹ್ಯಾಕಾಶದ ಚಿತ್ರ ಯಾಕೆ ಹುಟ್ಟಬೇಕು ಎಂದು ಕೇಳುವವರಿಗೆ ಹೇಳಲು ಒಂದು ಗಟ್ಟಿ ಕಾರಣವಿದೆ. ಇಂದಿನ ಬಾಹ್ಯಾಕಾಶ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ವಸ್ತು, ಮನುಷ್ಯರು ತಮ್ಮ ನೆಲವನ್ನು ಬಿಟ್ಟು ಬೇರೆಲ್ಲೋ ನೆಲೆಗೊಳ್ಳಬೇಕಾಗುವುದು. ಹಾಲಿವುಡ್ ಅದನ್ನು ಊಹಿಸಿ ಬರೆಯುತ್ತದೆ. ಕಾರವಾರ–ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಸೀಬರ್ಡ್‌ಗಾಗಿ ಅದನ್ನು ಮಾಡಿ ಮುಗಿಸಿವೆ. ಮನೆ, ತೆಂಗು, ಬಲೆ ಒಣಗಿಸುವ ಮರಳು ಬಿಟ್ಟು ಹೋಗಿ, ಪರಿಹಾರದ ಹಣಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದವರು ಅವರಲ್ಲಿದ್ದಾರೆ. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಮತ್ತೆ ಜಮೀನಿನ ಮಾತು ನಡೆದಿದೆ. ಊರೇ ಎದ್ದು ಹೋಗುವಾಗ ಭೂತಾಯಿಯನ್ನು ನಂಬಿದವನು ಏನನ್ನು ಕಟ್ಟಿಕೊಂಡು ಹೋಗುತ್ತಾನೆ, ಏನನ್ನು ಬಿಟ್ಟುಹೋಗುತ್ತಾನೆ? ಅನ್ಯಗ್ರಹಕ್ಕೆ ಹೊರಡುವ ಕನ್ನಡದ ನೌಕೆಯಲ್ಲಿ ಈ ಪ್ರಶ್ನೆ ಇಲ್ಲದಿದ್ದರೆ ಅದು ಬಾಡಿಗೆಗೆ ತಂದ ನೌಕೆ. ‘ಕಾರ್ಗೋ’ ತೋರಿಸಿಕೊಟ್ಟಂತೆ ಇದಕ್ಕೆ ಭಾರೀ ಬಂಡವಾಳವೂ ಬೇಡ. ಚಿತ್ರಕಥೆಗೆ ಕೂರುವ ಮೊದಲು ಪುನರ್ವಸತಿ ಕಾಲೊನಿಯ ನಾಲ್ಕು ಮನೆಗಳಲ್ಲಿ ಚಹಾ ಕುಡಿದು, ಹಳೇ ಊರಿನಲ್ಲಿ ತುಳಸಿಕಟ್ಟೆ ಯಾವ ದಿಕ್ಕಿಗಿತ್ತು, ಹೊಸತರಲ್ಲಿ ಅದನ್ನು ಎಲ್ಲಿ ಕಟ್ಟಿದಿರಿ ಎಂದು ಕೇಳಿ ಬರೆದುಕೊಳ್ಳುವ ಬರಹಗಾರ ಬೇಕು.